ಟ್ರೈಕ್ ಪ್ರವಾಸಕ್ಕೆ ದಂಡೆಯ ಮಕ್ಕಳೇ ಮಾರ್ಗದರ್ಶಿಗಳಾಗಲಿ

ಮಾನ್ಯ ಸಂಪಾದಕರೇ,

ಮೊಣಕಾಲು ನೋವಿನಿಂದಾಗಿ ನಾಲ್ಕು ವರ್ಷಗಳಿಂದ ಕಾರವಾರದ ಕಡಲ ತೀರದಲ್ಲಿ ನಡೆಯುವುದನ್ನೇ ಬಿಟ್ಟಿದ್ದೆ. ಕಳೆದ ವಾರ ರಜೆಗೆ ಬಂದ ಮೊಮ್ಮಗಳು ಬಿಡಲಿಲ್ಲ. ಖಾಸಗಿಯವರು ನಡೆಸುವ ಬ್ಯಾಟರಿ ಟ್ರೈಕ್ ಪ್ರವಾಸಕ್ಕೆ ನನ್ನನ್ನೂ ಹೊರಡಿಸಿದಳು. ಟ್ರೈಕ್ ಅಂದರೆ ಮೂರು ಗಾಲಿಯ ಸೈಕಲ್. ಹಿಂದೆ ಎರಡು ಗಾಲಿ ಇರುವುದರಿಂದ ನಿಂತರೂ ವಾಲುವುದಿಲ್ಲ, ಪೆಡಲ್ ತುಳಿಯುತ್ತಿದ್ದಂತೆ ಮೋಟಾರು ತಾನೂ ಎಳೆಯುತ್ತದೆ, ಮಂಡಿಗೆ ಭಾರವೇ ಬೀಳುವುದಿಲ್ಲ. ಟ್ಯಾಗೋರ್ ಕಡಲತೀರದ ಗಾಳಿಮರಗಳ ಸುಯ್ಯೆನ್ನುವ ಸದ್ದನ್ನು ಇಷ್ಟು ವರ್ಷಗಳ ಮೇಲೆ ಹತ್ತಿರದಿಂದ ಕೇಳಿದಾಗ ಕಣ್ಣು ತುಂಬಿ ಬಂತು. ನನ್ನಂಥ ವಯಸ್ಸಾದವರಿಗೂ ಕಾಲಿನ ಬಲ ಕಡಿಮೆಯಾದವರಿಗೂ ಕಡಲನ್ನು ಮರಳಿ ಕೊಡುವ ಗಾಡಿ ಇದು. ಇದು ನಮ್ಮೂರಲ್ಲಿ ಉಳಿಯಬೇಕು, ಬೆಳೆಯಬೇಕು.

ಆದರೆ ಜೊತೆಗೆ ಬಂದ ಮಾರ್ಗದರ್ಶಿಯ ಮಾತು ಕೇಳಿ ಸಂಕಟವಾಯಿತು. ಹುಡುಗನನ್ನು ದೂರಲಾರೆ. ಬೇರೆ ಊರಿನವನು, ಬಂದು ಎರಡು ತಿಂಗಳಾಗಿತ್ತಂತೆ, ಕೈಗೆ ಕೊಟ್ಟ ಹಾಳೆಯನ್ನು ನೋಡಿ ಹೇಳುತ್ತಿದ್ದ. ಟ್ಯಾಗೋರರು ನೊಬೆಲ್ ಬಂದ ಪುಸ್ತಕವನ್ನು ಇಲ್ಲಿಯೇ ಕುಳಿತು ಬರೆದರು ಎಂದ. ಅವರಿಗೆ ನೊಬೆಲ್ ಬಂದದ್ದು 1913ರಲ್ಲಿ. ಕಾರವಾರಕ್ಕೆ ಬಂದದ್ದು ಅದಕ್ಕೆ ಮೂವತ್ತು ವರ್ಷ ಮೊದಲು, 1883ರಲ್ಲಿ. ಆಗ ಇನ್ನೂ 22ರ ತರುಣ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಉಳಿದಿದ್ದರು, 'ಪ್ರಕೃತಿರ್ ಪ್ರತಿಶೋಧ್' ಎಂಬ ನಾಟಕ ಬರೆದರು. ಕಾಳಿ ನದಿಯಲ್ಲಿ ದೋಣಿ ಹತ್ತಿ ಹೋಗಿ, ಬೆಳದಿಂಗಳಲ್ಲಿ ಇದೇ ಮರಳಿನ ಮೇಲೆ ನಡೆದು ಮನೆಗೆ ಮರಳಿದ್ದನ್ನು ಅವರೇ ನೆನಪಿಸಿಕೊಂಡಿದ್ದಾರೆ. ಇಷ್ಟು ಒಳ್ಳೆಯ ನಿಜವನ್ನು ಬಿಟ್ಟು ಸುಳ್ಳನ್ನೇಕೆ ಹೇಳಬೇಕು?

ಯುದ್ಧನೌಕೆಯ ವಸ್ತುಸಂಗ್ರಹಾಲಯ ದಾಟಿದ ಮೇಲೆ ಫೋಟೊ ಚೆನ್ನಾಗಿ ಬರುತ್ತದೆಂದು ಟ್ರೈಕುಗಳನ್ನು ಮರಳಿಗೆ ಇಳಿಸಿದ. ನಾಲ್ಕು ಮಾರು ಹೋಗಿರಲಿಕ್ಕಿಲ್ಲ, ನನ್ನ ಗಾಡಿಯ ಬಲಗಾಲಿ ತಿರುಗಿದಲ್ಲೇ ತಿರುಗುತ್ತ ಗುಂಡಿ ತೋಡತೊಡಗಿತು. ಒತ್ತಿದಷ್ಟೂ ಆಳಕ್ಕಿಳಿಯಿತು. ಅಲ್ಲೇ ರಂಪಣಿ, ಅಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ, ಒಣಗಿಸುತ್ತಿದ್ದ ಹಿರಿಯರೊಬ್ಬರು ಒಂದು ಒಣ ತೆಂಗಿನ ಮಡಲು ಎಳೆದು ತಂದು ಗಾಲಿಯ ಅಡಿಗೆ ತುರುಕಿದರು. ಹಗ್ಗ ಎಳೆದೆಳೆದು ಅವರ ಅಂಗೈ ಕೊರಡಿನ ಹಾಗಾಗಿತ್ತು. "ಹಸಿ ಮರಳಾದ್ರೆ ಅಡ್ಡಿಲ್ಲ ಅಕ್ಕೋರೆ, ಒಣ ಮರಳಿಗೆ ಇಳಿಸ್ಬೇಡಿ" ಎಂದರು.

ನಿಜವಾದ ಪ್ರವಾಸ ಶುರುವಾದದ್ದು ಆಮೇಲೆಯೇ. ನೀರಿನ ಬಣ್ಣ ಎಲ್ಲಿ ಕಪ್ಪಾಗಿದೆ ನೋಡಿ ಬಂಗುಡೆಯ ಹಿಂಡನ್ನು ಗುರುತಿಸುವುದು, ದೋಣಿಯಲ್ಲಿ ಹೋಗಿ ಬಲೆಯಿಂದ ಸುತ್ತುಗಟ್ಟುವುದು, ಎರಡೂ ತುದಿಯ ಹಗ್ಗವನ್ನು ಹತ್ತಾರು ಜನ ದಂಡೆಯಿಂದ ಎಳೆಯುವುದು, ಬಂದ ಮೀನನ್ನು ಪಾಲು ಹಾಕುವುದು, ಎಲ್ಲವನ್ನೂ ಕೈಯಾಡಿಸುತ್ತ ಹೇಳಿದರು. 1970ರ ದಶಕದ ಕೊನೆಗೆ ಕಡಲಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಪರ್ಸೀನ್ ಯಂತ್ರದ ಬೋಟುಗಳು ಬಂದು ರಂಪಣಿ ಮೂಲೆಗೆ ಬಿದ್ದ ಕಥೆಯನ್ನೂ ಹೇಳಿದರು. ಮೊಮ್ಮಗಳು ಮೊಬೈಲ್ ಚೀಲಕ್ಕೆ ಹಾಕಿ ಬಲೆಯ ಕಣ್ಣುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ನಮ್ಮ ಮಾರ್ಗದರ್ಶಿ ಹುಡುಗನೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

ಕಾಳಿ ನದಿಯ ದಂಡೆಯ ಕೋಡಿಬಾಗದಲ್ಲೂ ಹೀಗೆಯೇ. ಸೇತುವೆ ಕಾಣುವ ಕಡೆ ನಿಲ್ಲಿಸಿ ಸೆಲ್ಫಿಗೆ ಐದು ನಿಮಿಷ ಕೊಟ್ಟ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಕಾಳಿ ಸೇತುವೆ ಕುಸಿದದ್ದು, ಲಾರಿ ಸಮೇತ ನದಿಗೆ ಬಿದ್ದ ಚಾಲಕನನ್ನು ಉಳಿಸಲು ಪೊಲೀಸರ ಜೊತೆ ಮೀನುಗಾರರೂ ಮುಂದಾದದ್ದು ಆ ಹಾಳೆಯಲ್ಲಿ ಇರಲಿಲ್ಲ. ಎದುರಿಗಿದ್ದ ಸದಾಶಿವಗಡ, ಸೋಂದೆಯ ಅರಸ ತನ್ನ ತಂದೆಯ ಹೆಸರಿಟ್ಟ ಕೋಟೆ, ಅದರ ಮಾತೂ ಇಲ್ಲ. ಭಾನುವಾರದ ಸಂತೆ, ಅಲ್ಲಿ ಸೊಪ್ಪು ತರಕಾರಿ ಹರಡಿಕೊಂಡು ಕೂರುವ ಹಾಲಕ್ಕಿ ಸಮುದಾಯದ ಹೆಂಗಸರು, ಮೀನು ಮಾರ್ಕೆಟ್, ಯಾವುದೂ ದಾರಿಯಲ್ಲಿ ಬರಲಿಲ್ಲ.

ಆದ್ದರಿಂದ ಜಿಲ್ಲಾಡಳಿತಕ್ಕೆ ನನ್ನ ಕೋರಿಕೆ: ಇಂಥ ಪ್ರವಾಸಕ್ಕೆ ಪರವಾನಗಿ ಕೊಡುವಾಗ ಮಾರ್ಗದರ್ಶಿಗಳು ಈ ದಂಡೆಯವರೇ ಆಗಿರಬೇಕೆಂಬ ಷರತ್ತು ಹಾಕಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಲಂಗರು ಹಾಕಿ ನಿಂತಿರುವ ಆ 61 ದಿನಗಳಲ್ಲಿ ಮೀನುಗಾರರ ಮಕ್ಕಳಿಗೆ ತರಬೇತಿ ಕೊಡಬಹುದು. ಊರಿನ ಇತಿಹಾಸ ಹೇಳಿಕೊಡಲು ನನ್ನಂಥ ನಿವೃತ್ತ ಶಿಕ್ಷಕರು ಇದ್ದೇವೆ, ಸಂಬಳ ಬೇಡ.

ಗಾಡಿಯ ವಿಷಯದಲ್ಲೂ ಜಾಗ್ರತೆ ಬೇಕು. ಮೋಟಾರು 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿನೊಳಗೆ ಇರುವ ಹಗುರ ಗಾಡಿಗೆ ಲೈಸೆನ್ಸ್ ಬೇಕಿಲ್ಲ. ಹಾಗಾಗಿ ಗಾಡಿಯನ್ನೇ ಮುಟ್ಟದವರೂ ಹತ್ತಿ ಕೂರುತ್ತಾರೆ. ವೇಗದಲ್ಲಿ ಗಕ್ಕನೆ ತಿರುಗಿಸಿದರೆ ಒಳಬದಿಯ ಗಾಲಿ ಮೇಲೇಳುತ್ತದೆ; ನಮ್ಮ ಗುಂಪಿನ ಒಬ್ಬರು ಹೀಗೆಯೇ ಪಲ್ಟಿಯಾಗುವುದರಲ್ಲಿದ್ದರು. ಹೊರಡುವ ಮೊದಲು ಮಾಲಾದೇವಿ ಮೈದಾನದಂಥ ಜಾಗದಲ್ಲಿ ಕಾಲು ಗಂಟೆ ಅಭ್ಯಾಸ ಮಾಡಿಸಲಿ. ಲಾರಿಗಳು ಓಡುವ ಹೆದ್ದಾರಿಯ ಅಂಚಿನಲ್ಲಿ ಕರೆದೊಯ್ಯುವ ಬದಲು ತೀರದ ಗುಂಟ ಒಂದು ಸೈಕಲ್ ದಾರಿ ಮಾಡಿಕೊಡಿ. ಮರಳಿಗಂತೂ ಗಾಲಿ ಇಳಿಯಲೇಬಾರದು. ನಮ್ಮ ತೀರದಲ್ಲಿ ಕಡಲಾಮೆಗಳು ಮೊಟ್ಟೆ ಇಡುವುದು ಅಲೆ ಮುಟ್ಟದ ಆ ಒಣ ಮರಳಿನಲ್ಲಿಯೇ.

ಗಾಲಿ ಎತ್ತಿಕೊಟ್ಟ ಹಿರಿಯರ ಮೊಮ್ಮಗ ಪದವಿ ಮುಗಿಸಿ, ಕೆಲಸಕ್ಕಾಗಿ ದಿನಾ ಗೋವಾದ ಬಸ್ಸು ಹತ್ತುತ್ತಾನಂತೆ. ಟ್ರೈಕ್ ನಡೆಸುವವರು ಈ ಪತ್ರ ಓದಿದರೆ ದಯವಿಟ್ಟು ಒಮ್ಮೆ ಆ ಅಜ್ಜನನ್ನು ಮಾತಾಡಿಸಿ. ಬೆಳಿಗ್ಗೆ ಏಳರ ಹೊತ್ತಿಗೆ ಬಲೆಯ ಹತ್ತಿರವೇ ಸಿಗುತ್ತಾರೆ.

– ಒಬ್ಬ ನಿವೃತ್ತ ಶಿಕ್ಷಕಿ, ಕಾರವಾರ