ಮಗಳಿಗೊಂದು ಪತ್ರ: ಹಗಲು ಕುಗ್ಗುವ ವಾರಗಳು

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಸುತ್ತುತ್ತಿದೆ. "ಅಮ್ಮಾ, ಕೆಲಸ ಮುಗಿಸಿ ಹೊರಗೆ ಬರುವಷ್ಟರಲ್ಲಿ ಸಂಜೆ ಮುಗಿದೇ ಹೋಗಿರುತ್ತೆ. ಹೋದ ತಿಂಗಳು ಹೀಗಿರಲಿಲ್ಲ" ಅಂದೆ. ನಿನ್ನ ದನಿ ಸ್ವಲ್ಪ ಕುಗ್ಗಿತ್ತು. ಇದು ಫೋನಿನಲ್ಲಿ ಎರಡು ಮಾತಿಗೆ ಮುಗಿಯುವ ವಿಷಯ ಅಲ್ಲ ಅನ್ನಿಸಿತು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿನಗೆ ಅನ್ನಿಸಿದ್ದು ನಿಜವೇ. ಸೆಪ್ಟೆಂಬರ್ 22 ಅಥವಾ 23ರ ಆಸುಪಾಸಿನಲ್ಲಿ ಹಗಲು ರಾತ್ರಿ ಹೆಚ್ಚುಕಡಿಮೆ ಸಮ ಆಗುತ್ತವೆ. ಇಡೀ ವರ್ಷದಲ್ಲಿ ಹಗಲು ಅತಿ ಬೇಗ ಬೇಗ ಕುಗ್ಗುವುದು ಈ ದಿನಗಳಲ್ಲೇ. ನೀನಿರುವಷ್ಟು ಉತ್ತರದಲ್ಲಿ, ಅಂದರೆ 50 ಡಿಗ್ರಿ ಅಕ್ಷಾಂಶದ ಹತ್ತಿರ, ದಿನಕ್ಕೆ ಸುಮಾರು 4 ನಿಮಿಷ ಹಗಲು ಕಡಿಮೆಯಾಗುತ್ತದೆ. ವಾರ ಕಳೆಯುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧ ಗಂಟೆ. ಸಮಭಾಜಕಕ್ಕೆ ಹತ್ತಿರ ಇರುವ ನಮಗೆ ದಿನಕ್ಕೆ ಒಂದು ನಿಮಿಷದಷ್ಟೂ ವ್ಯತ್ಯಾಸ ಆಗುವುದಿಲ್ಲ. ಇಲ್ಲಿಂದ ಹೋದ ನಿನಗೆ ಅದು ಎದ್ದು ಕಾಣುವುದು ಸಹಜ. ಡಿಸೆಂಬರಿನಲ್ಲಿ ಹಗಲು ಇನ್ನೂ ಚಿಕ್ಕದಾಗಿರುತ್ತದೆ. ಆದರೆ ಆಗ ಅದು ಹೆಚ್ಚು ಅಲುಗಾಡುವುದಿಲ್ಲ. ಓಟವೆಲ್ಲ ಈಗಲೇ.

ನಾನು ಹೇಳಬೇಕೆಂದಿರುವುದು ಈ ಓಟದ ಬಗ್ಗೆಯೇ. ಇದನ್ನು ಕಣ್ಣಾರೆ ನೋಡಬಹುದು, ಪುಟ್ಟಿ. ಬೇಸಿಗೆಯೂ ಚಳಿಗಾಲವೂ ಬಂದು ತಿಂಗಳುಗಟ್ಟಲೆ ಕೂತುಬಿಡುತ್ತವೆ. ವಸಂತ ಓಡುತ್ತದೆ, ಆದರೆ ಅದನ್ನು ಎಲ್ಲರೂ ಕಾದು ನೋಡುತ್ತಾರೆ. ಶರತ್ಕಾಲದ ಮೊದಲ ವಾರಗಳನ್ನು ಮಾತ್ರ ಜನ ಚಳಿಯ ಹೆದರಿಕೆಯಲ್ಲಿ ಸುಮ್ನೆ ಕಳೆದುಬಿಡುತ್ತಾರೆ. ದಿನಕ್ಕೆ ಸ್ವಲ್ಪ ಹೊತ್ತು ಅದಕ್ಕೆ ಕೊಟ್ಟು ನೋಡು. ನಿನ್ನ ವಯಸ್ಸಿನಲ್ಲಿ ನಾನೂ ಚಳಿಯ ನಾಡಿನಲ್ಲಿದ್ದೆನಲ್ಲ, ಆಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ ಅಭ್ಯಾಸ.

ಮೊದಲು ನಿನ್ನ ಕಿಟಕಿಯಿಂದ ಶುರು ಮಾಡು. ದಕ್ಷಿಣಕ್ಕೆ ಮುಖ ಮಾಡಿದ ದೊಡ್ಡ ಕಿಟಕಿ ಇದೆ ಅಂದಿದ್ದೆ. ರಜೆಯ ದಿನ ಮಧ್ಯಾಹ್ನ ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಬಂದಿದೆ ನೋಡಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆ. ಮುಂದಿನ ವಾರ ಅದೇ ಹೊತ್ತಿಗೆ ಮತ್ತೆ ನೋಡು. ಈಗ ಮಧ್ಯಾಹ್ನದ ಸೂರ್ಯ ವಾರಕ್ಕೆ ಸುಮಾರು 3 ಡಿಗ್ರಿ ಕೆಳಗಿಳಿಯುತ್ತಾನೆ. ಕಿಟಕಿಯ ಮೇಲಂಚು ನೆಲದಿಂದ 2 ಮೀಟರ್ ಎತ್ತರ ಇದ್ದರೆ, ಬಿಸಿಲು ಒಂದು ಗೇಣಿನಷ್ಟು ಒಳಗೆ ಬಂದಿರುತ್ತದೆ. ಅದರ ಮುಂದಿನ ವಾರ ಇನ್ನೊಂದು ಗೇಣು. ಬೇಸಿಗೆಯಲ್ಲಿ ಸೂರ್ಯ ನೆತ್ತಿಯ ಕಡೆಗೆ ಏರಿರುತ್ತಾನೆ, ಆಗ ಬಿಸಿಲು ಕಿಟಕಿಯ ಹತ್ತಿರವೇ ಬಿದ್ದು ನಿಲ್ಲುತ್ತದೆ. ಈಗ ಹೊರಗೆ ಹಗಲು ಕಡಿಮೆಯಾದಂತೆಲ್ಲ ಬಿಸಿಲು ನಿನ್ನ ಕೋಣೆಯ ಒಳಗೊಳಗೆ ಬರುತ್ತದೆ. ಇವತ್ತು ಕುರ್ಚಿಯ ಕಾಲು, ಇನ್ನೊಂದು ದಿನ ಪುಸ್ತಕದ ಕಪಾಟು. ಇಷ್ಟು ದಿನ ಬೆಳಕೇ ಕಾಣದ ಮೂಲೆಗೂ ಅದು ಬಂದು ಮುಟ್ಟುತ್ತದೆ. ನಿನ್ನ ಕುರ್ಚಿಯನ್ನು ಅದರ ಹಿಂದೆಯೇ ಸರಿಸುತ್ತಾ ಹೋಗು. ಬೆನ್ನಿಗೆ ಆ ಬಿಸಿಲು ಬಿದ್ದರೆ ಎಷ್ಟು ಹಿತ ಗೊತ್ತಾ! ಬೇಸಿಗೆಯಲ್ಲಿ ಓಡಿಹೋಗುತ್ತಿದ್ದ ಬಿಸಿಲನ್ನೇ ಈಗ ಹುಡುಕಿಕೊಂಡು ಹೋಗಿ ಕೂರುತ್ತೀಯ.

ಇನ್ನು ಮರ. ನೀನು ಬಸ್ಸಿಗೆ ನಡೆದು ಹೋಗುವ ದಾರಿಯಲ್ಲಿ ಒಂದೇ ಒಂದು ಮರ ಆರಿಸಿಕೋ. ಇಡೀ ಬೀದಿಯನ್ನು ನೋಡಲು ಹೋದರೆ ಯಾವುದೂ ನೆನಪಿರುವುದಿಲ್ಲ. ಒಂದು ಮರ ಸಾಕು. ಮೊದಲು ಅದರ ಒಂದು ಕೊಂಬೆಯಲ್ಲಿ, ಅದೂ ತುದಿಯಲ್ಲಿ, ಬಣ್ಣ ತಿರುಗಿರುತ್ತದೆ. ಉಳಿದ ಮರವೆಲ್ಲ ಹಸಿರಾಗಿಯೇ ಇರುತ್ತದೆ.

ಆ ಹಳದಿ ಎಲ್ಲಿಂದ ಬಂತು ಗೊತ್ತಾ? ಎಲ್ಲಿಂದಲೂ ಬಂದಿಲ್ಲ. ಎಲೆಯಲ್ಲಿ ಅದು ಮೊದಲಿನಿಂದಲೂ ಇತ್ತು, ಕ್ಯಾರೆಟ್‌ಗೆ ಬಣ್ಣ ಕೊಡುತ್ತದಲ್ಲ, ಅದೇ ಬಳಗದ ವಸ್ತು. ಬೇಸಿಗೆಯಿಡೀ ಹಸಿರು ಅದನ್ನು ಮುಚ್ಚಿಟ್ಟಿತ್ತು. ಹಗಲು ಚಿಕ್ಕದಾಗಿ ತಂಪು ಬಂದಾಗ ಮರ ಹಸಿರನ್ನು, ಅಂದರೆ ಕ್ಲೋರೋಫಿಲ್ಲನ್ನು, ಒಡೆದು, ಅದರ ಜೊತೆಗಿದ್ದ ಪ್ರೋಟೀನುಗಳ ಸಾರಜನಕವನ್ನು ಕೊಂಬೆಗೂ ಕಾಂಡಕ್ಕೂ ವಾಪಸ್ ಎಳೆದುಕೊಳ್ಳುತ್ತದೆ. ಮುಂದಿನ ವರ್ಷಕ್ಕೆ ಬೇಕಲ್ಲ! ಹಸಿರು ಹೋದ ಮೇಲೆ ಒಳಗಿದ್ದ ಹಳದಿ ಕಾಣಿಸುತ್ತದೆ. ಕೆಂಪಿನ ಕಥೆ ಬೇರೆ. ಕೆಂಪು ಬಣ್ಣವನ್ನು ಎಲೆ ಈ ಕೊನೆಯ ವಾರಗಳಲ್ಲೇ ಹೊಸದಾಗಿ ಮಾಡುತ್ತದೆ, ತನ್ನಲ್ಲಿ ಉಳಿದ ಸಕ್ಕರೆಯಿಂದ. ಹಗಲು ಒಳ್ಳೆಯ ಬಿಸಿಲಿದ್ದು, ರಾತ್ರಿ ಹಿಮ ಕಟ್ಟದಷ್ಟು ತಂಪಿದ್ದರೆ ಆ ವರ್ಷ ಕೆಂಪು ತುಂಬಾ ಚೆನ್ನಾಗಿ ಬರುತ್ತದೆ. ಉದುರಿಹೋಗಲಿರುವ ಎಲೆ ಹೊಸ ಬಣ್ಣ ಮಾಡುವ ಕೆಲಸಕ್ಕೆ ಕೂರುವುದು ನನಗೆ ಈಗಲೂ ಬೆರಗಿನ ಸಂಗತಿ.

ಇನ್ನೂ ಒಂದಿದೆ, ಇದನ್ನು ತಪ್ಪದೆ ನೋಡು. ಬಣ್ಣ ತಿರುಗಿದ ಎಲೆಯ ತೊಟ್ಟು ಕೊಂಬೆಗೆ ಸೇರುವ ಜಾಗಕ್ಕೆ ಕಣ್ಣು ಹತ್ತಿರ ಒಯ್ಯಿ. ಆ ಸಂದಿಯಲ್ಲಿ ಪುಟ್ಟದೊಂದು ಮೊಗ್ಗು ಆಗಲೇ ಕೂತಿರುತ್ತದೆ. ಮುಂದಿನ ವಸಂತದ ಚಿಗುರು ಅದು. ಮರ ಅದನ್ನು ಬೇಸಿಗೆಯಲ್ಲೇ ಮಾಡಿ, ಬಿಗಿಯಾದ ಪೊರೆಗಳ ಒಳಗೆ ಸುತ್ತಿಟ್ಟಿರುತ್ತದೆ. ಎಲೆ ಉದುರಿದ ಮೇಲೆ ಹೊಸದು ಹುಟ್ಟುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಎಲೆ ಉದುರುವ ದಿನ ಮೊಗ್ಗು ಅಲ್ಲೇ ಇರುತ್ತದೆ. ತೊಟ್ಟಿನ ಬುಡದಲ್ಲಿ ಮರ ಒಂದು ತೆಳು ಪದರ ಕಟ್ಟಿ ಗಾಯ ಆಗದ ಹಾಗೆ ನೋಡಿಕೊಂಡಿರುತ್ತದೆ. ಆಮೇಲೆ ಒಂದು ಸಣ್ಣ ಗಾಳಿ ಬಂದರೂ ಎಲೆ ಬಿಡುತ್ತದೆ. ಗಾಳಿಯೇ ಇಲ್ಲದ ಬೆಳಗ್ಗೆ ಮರದ ಕೆಳಗೆ ನಿಂತಿದ್ದರೆ ಒಂದೊಂದೇ ಎಲೆ ಕಳಚಿ ಬೀಳುವ ಟಕ್ ಅನ್ನುವ ಸದ್ದು ಕೇಳಿಸುತ್ತದೆ. ನಾನು ಕೇಳಿದ್ದೇನೆ.

ಒಣಗಿದ ಎಲೆಗಳ ಮೇಲೆ ಕಾಲೆಳೆದುಕೊಂಡು ನಡೆಯುವುದಕ್ಕೆ ವಯಸ್ಸು ಅಡ್ಡ ಬರಬಾರದು. ಯಾರು ನೋಡಿದರೂ ಪರವಾಗಿಲ್ಲ, ನಡೆ.

ಬೆಳಗ್ಗೆ ಬೇಗ ಹೊರಟ ದಿನ ಬೇಲಿಗಳನ್ನು ಗಮನಿಸು. ಆಕಾಶ ತಿಳಿಯಾಗಿದ್ದ ರಾತ್ರಿ ಹುಲ್ಲು, ಎಲೆ ಎಲ್ಲ ತಮ್ಮ ಶಾಖವನ್ನು ಮೇಲಕ್ಕೆ ಬಿಟ್ಟು ಗಾಳಿಗಿಂತ ಜಾಸ್ತಿ ತಣ್ಣಗಾಗಿರುತ್ತವೆ. ಅದಕ್ಕೇ ಇಬ್ಬನಿ ಕೂರುವುದು. ಜೇಡಗಳು ಬೇಸಿಗೆಯಿಡೀ ಬೆಳೆದು ಈಗ ದೊಡ್ಡವಾಗಿರುತ್ತವೆ, ಬಲೆಗಳೂ ದೊಡ್ಡವು. ಇಬ್ಬನಿ ಇಲ್ಲದಿದ್ದರೆ ಅವು ಕಣ್ಣಿಗೇ ಬೀಳುವುದಿಲ್ಲ. ದುಂಡನೆ ಬಲೆ ನೇಯುವ ಎಷ್ಟೋ ಜೇಡಗಳು ಹಳೆಯ ಬಲೆಯನ್ನು ತಿಂದುಬಿಟ್ಟು, ಅದೇ ಸರಕಿನಿಂದ ಮತ್ತೆ ಹೊಸದು ನೇಯುತ್ತವೆ. ನೀನು ನಿನ್ನೆ ನೋಡಿದ ಬಲೆ ಇವತ್ತಿನದಲ್ಲ.

ರಾತ್ರಿ ಜೀರುಂಡೆ ಸದ್ದು ಕೇಳಿದರೆ ಒಂದು ಆಟ ಆಡಬಹುದು. ಚಳಿ ಹೆಚ್ಚಿದಂತೆ ಅವು ನಿಧಾನ ಆಗುತ್ತವೆ. 1897ರಲ್ಲಿ ಅಮೋಸ್ ಡಾಲ್ಬೇರ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೊಂದು ಲೆಕ್ಕವನ್ನೇ ಕೊಟ್ಟರು. ಅದರ ಸುಲಭ ರೂಪ ಹೀಗೆ: 8 ಸೆಕೆಂಡಿನಲ್ಲಿ ಎಷ್ಟು ಸಲ ಕೂಗುತ್ತದೋ ಅದಕ್ಕೆ 5 ಸೇರಿಸು, ಹತ್ತಿರ ಹತ್ತಿರ ಸೆಲ್ಸಿಯಸ್‌ನಲ್ಲಿ ಹೊರಗಿನ ತಾಪಮಾನ ಸಿಗುತ್ತದೆ. ಎಲ್ಲ ಜಾತಿಯವೂ ಈ ಲೆಕ್ಕ ಪಾಲಿಸುವುದಿಲ್ಲ. ಆದರೆ ಎಣಿಸುತ್ತಾ ಕಿಟಕಿ ಹತ್ತಿರ ಕೂರುವುದೇ ಖುಷಿ ಅಲ್ವಾ?

ಈ ರಾತ್ರಿಗಳಲ್ಲಿ ನಿನ್ನ ಮನೆಯ ಮೇಲೆ ಹಕ್ಕಿಗಳು ಹಾದುಹೋಗುತ್ತಿರುತ್ತವೆ. ಸಣ್ಣ ಹಕ್ಕಿಗಳಲ್ಲಿ ಬಹಳಷ್ಟು ವಲಸೆ ಹೋಗುವುದು ರಾತ್ರಿಯೇ. ಗಾಳಿ ತಂಪಾಗಿರುತ್ತದೆ, ಗಿಡುಗಗಳ ಕಾಟ ಇರುವುದಿಲ್ಲ. ಊರಿನ ಸದ್ದು ಅಡಗಿದ ಮೇಲೆ ಕಿವಿಗೊಟ್ಟರೆ ಮೇಲಿನಿಂದ ಒಂದೊಂದು ಚಿಕ್ಕ ಕೂಗು ಕೇಳಿಸಬಹುದು. 2022ರ ಅಕ್ಟೋಬರಿನಲ್ಲಿ ಗಾಡ್‌ವಿಟ್ ಎಂಬ ಉದ್ದ ಕೊಕ್ಕಿನ ಹಕ್ಕಿಯೊಂದು ಅಲಾಸ್ಕಾದಿಂದ ಹೊರಟು ಎಲ್ಲೂ ಇಳಿಯದೆ ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪ ಸೇರಿತು. 11 ದಿನ, 13,560 ಕಿಲೋಮೀಟರ್. ಅದರ ಮೈಮೇಲೆ ಪುಟ್ಟ ಉಪಗ್ರಹ ಸಾಧನ ಇದ್ದದ್ದರಿಂದ ದಾರಿಯೆಲ್ಲ ದಾಖಲಾಯಿತು. ಕೆಳಗೆ ಬರೀ ಸಮುದ್ರ. ಆ ಹಕ್ಕಿಗೆ ಆಗ ಸುಮಾರು 5 ತಿಂಗಳ ವಯಸ್ಸು, ಹಿಂದೆ ಒಮ್ಮೆಯೂ ಆ ದಾರಿಯಲ್ಲಿ ಹೋಗಿರಲಿಲ್ಲ. ಅದನ್ನು ಓದಿದ ದಿನ ನಾನು ಎಷ್ಟೋ ಹೊತ್ತು ಬೇರೆ ಕೆಲಸ ಮಾಡಲಿಲ್ಲ. ಯಾಕೆ ಅಂತ ನಿನಗೆ ಗೊತ್ತಾಗುತ್ತೆ.

ಹುಣ್ಣಿಮೆ ಹತ್ತಿರ ಬಂದಾಗ ಸಂಜೆ ಪೂರ್ವಕ್ಕೆ ತಿರುಗಿ ನಿಲ್ಲು. ಸಾಮಾನ್ಯವಾಗಿ ಚಂದ್ರ ದಿನದಿಂದ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಸೆಪ್ಟೆಂಬರ್ ಕೊನೆಗೆ ಹತ್ತಿರವಾದ ಹುಣ್ಣಿಮೆಯಲ್ಲಿ ಮಾತ್ರ, ನಿನ್ನ ಕಡೆ, ಆ ಅಂತರ ಅರ್ಧ ಗಂಟೆಗಿಂತ ಕಡಿಮೆ ಆಗುತ್ತದೆ. ಹಾಗಾಗಿ ಸಾಲಾಗಿ ಮೂರು ನಾಲ್ಕು ಸಂಜೆ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ದೊಡ್ಡ ಚಂದ್ರ ಬಂದಿರುತ್ತಾನೆ. ಕರೆಂಟ್ ದೀಪ ಇಲ್ಲದ ಕಾಲದಲ್ಲಿ ಆ ನಾಡಿನ ರೈತರು ಕೊಯ್ಲಿನ ಕೆಲಸವನ್ನು ಇದೇ ಬೆಳದಿಂಗಳಲ್ಲಿ ಮುಂದುವರಿಸುತ್ತಿದ್ದರು. ನಿನ್ನ ಮುಗಿದುಹೋದ ಸಂಜೆಗೆ ಇನ್ನೊಂದು ಸಂಜೆ ಸಿಕ್ಕ ಹಾಗೆ.

ಮನೆಯೊಳಗಿನ ಸುಖಗಳನ್ನು ನಿನಗೆ ಹೇಳಿಕೊಡಬೇಕಾಗಿಲ್ಲ. ಕಿಟಕಿ ಒಂದಿಷ್ಟೇ ತೆರೆದಿಟ್ಟು, ಮೂಗಿಗೆ ತಣ್ಣನೆ ಗಾಳಿ ತಾಗುತ್ತಿರುವಾಗ ಕಂಬಳಿಯೊಳಗೆ ಕಾಲು ಬೆಚ್ಚಗಾಗುವುದು. ಬಿಸಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುವ ಮೊದಲು ಸುಮ್ನೆ ಕೂರುವುದು. ದೊಡ್ಡ ದೀಪ ಆರಿಸಿ ಮೂಲೆಯ ಚಿಕ್ಕ ದೀಪ ಹಾಕುವುದು. ಬೇಸಿಗೆಯ ಉದ್ದ ಸಂಜೆಗಳಲ್ಲಿ ಹೊರಗೆ ಹೋಗಲೇಬೇಕು ಅನ್ನುವ ಒಂದು ಒತ್ತಾಯ ಇರುತ್ತದೆ. ಈಗ ಅದಿಲ್ಲ. ಬೇಗ ಬಾಗಿಲು ಹಾಕಿಕೊಂಡು ಅರ್ಧ ಓದಿಟ್ಟ ಪುಸ್ತಕ ತೆಗೆದರೆ ಯಾರೂ ಏನೂ ಅನ್ನುವುದಿಲ್ಲ.

ಆದರೆ ಬೆಳಗ್ಗೆ ಮಾತ್ರ ಹೊರಗೆ ಹೋಗಲೇಬೇಕು. ಇದರಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ನಮ್ಮ ಮೈಯ ಗಡಿಯಾರ ಸರಿಯಾಗುವುದು ಬೆಳಗಿನ ಬೆಳಕಿನಿಂದ. ಕೋಣೆಯ ದೀಪ ಎಷ್ಟೇ ಪ್ರಕಾಶವಾಗಿದೆ ಅನ್ನಿಸಿದರೂ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಅಷ್ಟೇ (ಲಕ್ಸ್ ಅಂದರೆ ಬೆಳಕಿನ ಅಳತೆ). ಹೊರಗೆ ಮೋಡ ಇದ್ದರೂ ಹಗಲಿನ ಬೆಳಕು ಸಾವಿರಾರು ಲಕ್ಸ್ ಇರುತ್ತದೆ. ಒಂದು ಸ್ಟಾಪ್ ಮುಂಚೆ ಬಸ್ಸಿಳಿದು ನಡೆ. ಮಧ್ಯಾಹ್ನ ಊಟದ ಹೊತ್ತಿಗೂ ಒಂದು ಸುತ್ತು ಹಾಕು. ಇಷ್ಟೆಲ್ಲ ಮಾಡಿಯೂ ಬೇಜಾರು ವಾರಗಟ್ಟಲೆ ಬಿಡದಿದ್ದರೆ, ನಿದ್ದೆ ಜಾಸ್ತಿಯಾಗಿ ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ತಡ ಮಾಡದೆ ವೈದ್ಯರ ಹತ್ತಿರ ಹೋಗು. ಹಗಲು ಕುಗ್ಗಿದಾಗ ಬರುವ ಈ ಖಿನ್ನತೆಯನ್ನು ವೈದ್ಯರು 1984ರಲ್ಲೇ ವಿವರಿಸಿ ಹೆಸರಿಟ್ಟಿದ್ದಾರೆ, ಬೆಳಕಿನ ಚಿಕಿತ್ಸೆಯೂ ಇದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನನಗೂ ಹೇಳು, ಮುಚ್ಚಿಡಬೇಡ.

ಅಪ್ಪ ನಿನ್ನ ಮರದ ಫೋಟೋ ಕೇಳುತ್ತಿದ್ದಾರೆ. ವಾರಕ್ಕೊಂದು, ಅದೇ ಜಾಗದಲ್ಲಿ ನಿಂತು ತೆಗೆದದ್ದು ಬೇಕಂತೆ. ಒಂದರ ಪಕ್ಕ ಒಂದು ಇಟ್ಟು ನೋಡುವ ಆಸೆ ಅವರಿಗೆ.

ಆಮೇಲೆ, ನೀಲಿ ಸ್ವೆಟರಿನ ಮೊಣಕೈ ಸವೆದಿದೆ ಅಂದಿದ್ದೆಯಲ್ಲ? ಅದನ್ನು ಹೆಣೆದ ಉಣ್ಣೆ ದಾರ ಇನ್ನೂ ನನ್ನ ಹತ್ತಿರ ಸ್ವಲ್ಪ ಉಳಿದಿತ್ತು. ದಪ್ಪ ಕಣ್ಣಿನ ಸೂಜಿಯ ಜೊತೆ ಇದರೊಳಗೇ ಇಟ್ಟಿದ್ದೇನೆ. ತೂತು ದೊಡ್ಡದಾಗುವ ಮುಂಚೆ ರಫು ಮಾಡಿಬಿಡು. ತೋಳಿನ ಒಳಗೆ ಒಂದು ಲೋಟ ಇಟ್ಟುಕೋ, ಇಲ್ಲದಿದ್ದರೆ ಎರಡೂ ಪದರ ಸೇರಿ ಹೊಲಿಗೆ ಬೀಳುತ್ತದೆ. ಮೊದಲು ಉದ್ದಕ್ಕೆ ಎಳೆಗಳನ್ನು ಹಾಕು, ತೂತಿನ ಅಂಚಿನಿಂದ ಸ್ವಲ್ಪ ಆಚೆಯಿಂದಲೇ ಶುರು ಮಾಡು. ಆಮೇಲೆ ಅಡ್ಡಕ್ಕೆ, ಒಂದು ಎಳೆ ಮೇಲೆ, ಒಂದು ಎಳೆ ಕೆಳಗೆ. ದಾರ ಬಿಗಿಯಾಗಿ ಎಳೆಯಬೇಡ, ಸುಕ್ಕುಗಟ್ಟುತ್ತದೆ. ಭಾನುವಾರ ಬಿಸಿಲಿನ ಕುರ್ಚಿಯಲ್ಲಿ ಕೂತು ಫೋನ್ ಮಾಡು, ಹೊಲಿಯುತ್ತಾ ಮಾತಾಡೋಣ.

ನಿನ್ನ
ಅಮ್ಮ