ಹನ್ನೊಂದನೇ ವರ್ಣತಂತುವಿನ ಒಂದಕ್ಷರ

ಚಿ. ಕು. ಸಹನಾಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ರಕ್ತಪರೀಕ್ಷೆಯ ರಿಪೋರ್ಟ್ ನೋಡಿದೆ. ಕೆಳಗೆ ನೀನು ಬರೆದ ಸಾಲನ್ನೂ ಓದಿದೆ: "ನನ್ನ ಡಿಎನ್‌ಎನೇ ಕೆಟ್ಟಿದೆಯಂತೆ ದೊಡ್ಡಪ್ಪ, ಮದುವೆ ಮಾತು ನಿಲ್ಲಿಸಿಬಿಡಲಾ?" ಫೋನಿನಲ್ಲಿ ಹೇಳಿದರೆ ಅರ್ಧ ಅಲ್ಲೇ ಮರೆತುಹೋಗುತ್ತದೆ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಮದುವೆ ಮಾತು ನಡೆದಿರುವುದು ಸೋದರಮಾವನ ಮಗನ ಜೊತೆ, ಆ ಮಾವನ ಮನೆಯವರ ಎದುರು ಕೂರುವ ಮುಂಚೆ ಇನ್ನೊಂದು ಸಲ ಓದು.

ಮೊದಲು ರಿಪೋರ್ಟಿಗೆ ಬರೋಣ. ನಿನ್ನ ಹಿಮೋಗ್ಲೋಬಿನ್ 10.8. ಎಂಸಿವಿ, ಅಂದರೆ ಕೆಂಪುಕಣದ ಸರಾಸರಿ ಗಾತ್ರ, 66. ಅದು 80ರ ಮೇಲಿರಬೇಕಿತ್ತು. ಆದರೆ ಕಣಗಳ ಎಣಿಕೆ ನೋಡು, 56 ಲಕ್ಷ, ಚೆನ್ನಾಗಿಯೇ ಇದೆ. ಕಬ್ಬಿಣದ ಕೊರತೆಯಾಗಿದ್ದರೆ ಸಾಮಾನ್ಯವಾಗಿ ಕಣ ಚಿಕ್ಕದಾಗುವುದರ ಜೊತೆಗೆ ಎಣಿಕೆಯೂ ಇಳಿಯುತ್ತದೆ. ಎಂಸಿವಿಯನ್ನು ದಶಲಕ್ಷದ ಲೆಕ್ಕದ ಎಣಿಕೆಯಿಂದ, ಅಂದರೆ 66ನ್ನು 5.6ರಿಂದ ಭಾಗಿಸಿದರೆ 11.8 ಬರುತ್ತದೆ. 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ, ಅಂದರೆ ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ವಂಶಪಾರಂಪರ್ಯ ದೋಷ, ಇರಬಹುದೆಂಬ ಅನುಮಾನ. ಎರಡನೇ ಪುಟದ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ಹಿಮೋಗ್ಲೋಬಿನ್ ಎ2 5.4% ಇದೆ, ಅದು 3.5 ದಾಟಬಾರದಿತ್ತು. ಅನುಮಾನ ಅಲ್ಲಿಗೆ ತೀರಿತು. ನೀನು ಬೀಟಾ ಥಲಸ್ಸೀಮಿಯಾದ ವಾಹಕಿ, ಅಂದರೆ ಜೀನಿನ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ದೋಷ ಇರುವವಳು. ರೋಗಿ ಅಂತ ಯಾರಾದರೂ ಅಂದರೆ ಅಲ್ಲೇ ತಿದ್ದು.

ಇನ್ನು "ಡಿಎನ್‌ಎ ಕೆಟ್ಟಿದೆ" ಅನ್ನುವ ಮಾತು. ಡಿಎನ್‌ಎ ಒಂದು ಉದ್ದನೆಯ ನೂಲು, ನಾಲ್ಕೇ ಅಕ್ಷರಗಳಲ್ಲಿ ಬರೆದ ಬರಹ: ಎ, ಟಿ, ಜಿ, ಸಿ. ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ. ಈ ಎಳೆಯಲ್ಲಿ ಎ ಇದ್ದ ಕಡೆ ಆ ಎಳೆಯಲ್ಲಿ ಟಿ, ಇಲ್ಲಿ ಜಿ ಇದ್ದರೆ ಅಲ್ಲಿ ಸಿ. ಹೀಗಾಗಿ ಒಂದು ಎಳೆ ಕೈಯಲ್ಲಿದ್ದರೆ ಇನ್ನೊಂದನ್ನು ಬರೆದುಕೊಳ್ಳಬಹುದು. ಜೀವಕೋಶ ಒಡೆದು ಎರಡಾಗುವಾಗ ಮಾಡುವುದೂ ಅದನ್ನೇ: ಎಳೆ ಬಿಚ್ಚಿ, ಪ್ರತಿಯೊಂದಕ್ಕೂ ಜೋಡಿ ಎಳೆ ಹೊಸದಾಗಿ ಕಟ್ಟುತ್ತದೆ. ಒಂದು ಸೆಟ್ಟಿನಲ್ಲಿ ಸುಮಾರು 300 ಕೋಟಿ ಅಕ್ಷರ. ಪುಟಕ್ಕೆ 3,000 ಅಕ್ಷರದಂತೆ ಅಚ್ಚು ಹಾಕಿಸಿದರೆ 10 ಲಕ್ಷ ಪುಟ. ಅಮ್ಮನಿಂದ ಒಂದು ಸೆಟ್ಟು, ಅಪ್ಪನಿಂದ ಒಂದು, ತಲಾ 23 ವರ್ಣತಂತುಗಳಾಗಿ (ಕ್ರೋಮೋಸೋಮ್) ಸುತ್ತಿಟ್ಟಿರುತ್ತವೆ. ಎರಡೂ ಸೆಟ್ಟು ಸೇರಿಸಿ ಬಿಡಿಸಿ ಹಿಡಿದರೆ ಒಂದೇ ಕೋಶದಲ್ಲಿ ಎರಡು ಮೀಟರ್ ನೂಲು. ಇಷ್ಟರಲ್ಲಿ ನಿನ್ನ ವಿಷಯ ಬರುವುದು ಒಂದು ಪ್ರತಿಯ ಒಂದೇ ಜಾಗಕ್ಕೆ, ಬಹುಪಾಲು ಒಂದೆರಡು ಅಕ್ಷರಕ್ಕೆ.

ಆದರೆ ಒಂದಕ್ಷರ ಅಂತ ಸಸಾರ ಮಾಡುವ ಹಾಗೂ ಇಲ್ಲ. ನಮ್ಮ ಭಾಷೆಯಲ್ಲೇ ಹಾಲು ಹಾಳಾಗಲು ಒಂದು ಳಕಾರ ಸಾಕು.

ಈ ಬರಹವನ್ನು ಓದುವುದು ಮೂರು ಮೂರು ಅಕ್ಷರದ ಪದಗಳಾಗಿ. ಪ್ರತಿ ಪದವೂ ಒಂದು ಅಮೈನೋ ಆಮ್ಲದ ಹೆಸರು. ಅವುಗಳನ್ನು ಸಾಲಾಗಿ ಪೋಣಿಸಿದರೆ ಪ್ರೋಟೀನ್. ಒಟ್ಟು 64 ಪದ, ಅದರಲ್ಲಿ ಮೂರು ಪದಗಳ ಅರ್ಥ "ಇಲ್ಲಿಗೆ ನಿಲ್ಲಿಸು". ಈ ನಿಘಂಟನ್ನು ಬಿಡಿಸಿದವರಲ್ಲಿ ನಮ್ಮ ಹರಗೋಬಿಂದ ಖೊರಾನಾ ಒಬ್ಬರು, 1968ರ ನೊಬೆಲ್ ಅದಕ್ಕೇ ಬಂದದ್ದು. ಪದಗಳ ನಡುವೆ ಜಾಗ ಬಿಟ್ಟಿರುವುದಿಲ್ಲ ಅನ್ನುವುದು ಮುಖ್ಯ. "ಅರಸ ಮರವ ಕಡಿದ ಬಳಿಕ" ಅನ್ನುವುದನ್ನು ಮೂರು ಮೂರು ಅಕ್ಷರವಾಗಿ ಓದು, ಸರಿಯಾಗಿದೆ. ಈಗ ಎರಡನೇ ಅಕ್ಷರ ರ ತೆಗೆದು ಮತ್ತೆ ಮೂರು ಮೂರಾಗಿ ಓದು: "ಅಸಮ ರವಕ ಡಿದಬ ಳಿಕ". ಬಿಟ್ಟದ್ದು ಒಂದಕ್ಷರ, ಕೆಟ್ಟದ್ದು ಅಲ್ಲಿಂದಾಚೆಯ ಇಡೀ ಸಾಲು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿ ಎಂಬ ಪ್ರೋಟೀನಿನ ಪಾಠವಿರುವ ಬೀಟಾ ಗ್ಲೋಬಿನ್ ಜೀನಿನಲ್ಲಿ 8ನೇ ಮತ್ತು 9ನೇ ಪದಗಳ ಹತ್ತಿರ ಒಂದು ಜಿ ಹೆಚ್ಚಿಗೆ ಸೇರಿಕೊಳ್ಳುವ ದೋಷ ನಮ್ಮ ದೇಶದಲ್ಲಿ ಸಾಕಷ್ಟು ಸಿಗುತ್ತದೆ, ಆಗುವುದು ಇದೇ.

ಇನ್ನೂ ಹೆಚ್ಚಾಗಿ ಸಿಗುವುದು ಬೇರೆ ಬಗೆಯ ದೋಷ. ಆ ಜೀನ್ 11ನೇ ವರ್ಣತಂತುವಿನಲ್ಲಿದೆ, ಸುಮಾರು 1,600 ಅಕ್ಷರ. ಬೇಕಾದ ಪಾಠ ಮೂರು ತುಂಡಾಗಿದ್ದು, ನಡುವೆ ಎರಡು ಬೇಡದ ಭಾಗಗಳಿವೆ. ಕೋಶ ಮೊದಲು ಇಡೀ ಜೀನಿನ ಆರ್‌ಎನ್‌ಎ ನಕಲು ತೆಗೆದು, ಬೇಡದ್ದನ್ನು ಕತ್ತರಿಸಿ, ಮೂರು ತುಂಡು ಅಂಟಿಸುತ್ತದೆ. ಎಲ್ಲಿ ಕತ್ತರಿಸಬೇಕು ಅನ್ನುವುದಕ್ಕೂ ಗುರುತು ಅಕ್ಷರಗಳೇ. ಮೊದಲ ಬೇಡದ ಭಾಗ ಶುರುವಾಗುವುದು ಜಿ-ಟಿ-ಟಿ-ಜಿ-ಜಿ-ಟಿ ಎಂದು. ಐದನೆಯ ಜಿ ಇದ್ದ ಜಾಗದಲ್ಲಿ ಸಿ ಬಂದರೆ ಗುರುತು ಮಸುಕಾಗುತ್ತದೆ. ಕತ್ತರಿ ಹೆಚ್ಚಿನ ಸಲ ಅಕ್ಕಪಕ್ಕದಲ್ಲಿ ಅದೇ ಥರ ಕಾಣುವ ತಪ್ಪು ಜಾಗಕ್ಕೆ ಬೀಳುತ್ತದೆ, ಎಲ್ಲೋ ಅಪರೂಪಕ್ಕೆ ಸರಿಯಾದ ಜಾಗಕ್ಕೆ. ಅಲ್ಲಿಗೆ ಆ ಪ್ರತಿಯಿಂದ ಬೀಟಾ ಸರಪಳಿ ಬರುವುದು ತೀರಾ ಸ್ವಲ್ಪ. ಭಾರತದ ವಾಹಕರಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು. ನಿನ್ನದು ಇದೇ ಅಂತ ಹೇಳುತ್ತಿಲ್ಲ. ಎಚ್‌ಪಿಎಲ್‌ಸಿ ನೋಡುವುದು ಹಿಮೋಗ್ಲೋಬಿನ್ನನ್ನು, ಅಕ್ಷರಗಳನ್ನಲ್ಲ.

ಹಿಮೋಗ್ಲೋಬಿನ್ ಕಟ್ಟಲು ಎರಡು ಆಲ್ಫಾ, ಎರಡು ಬೀಟಾ ಸರಪಳಿ ಬೇಕು. ನಿನ್ನಲ್ಲಿ ಒಂದು ಪ್ರತಿ ಸರಿಯಿದೆ, ಅದರಲ್ಲೇ ಸಂಸಾರ ಸಾಗುತ್ತದೆ. ಕಣ ಸ್ವಲ್ಪ ಚಿಕ್ಕದು, ಅಷ್ಟೆ. ಎರಡೂ ಪ್ರತಿ ಕೆಟ್ಟ ಮಗುವಿಗೆ ಹಾಗಲ್ಲ. ಜೋಡಿ ಸಿಗದ ಆಲ್ಫಾ ಸರಪಳಿಗಳು ಗಂಟುಕಟ್ಟಿ, ಕೆಂಪುಕಣಗಳನ್ನು ಮಜ್ಜೆಯಲ್ಲಿ ಹುಟ್ಟುವಾಗಲೇ ಕೊಲ್ಲುತ್ತವೆ. ಹೆರಿಗೆಯ ಹೊತ್ತಿಗೆ ಆ ಮಗು ಗುಂಡುಗುಂಡಾಗಿಯೇ ಇರುತ್ತದೆ, ಏಕೆಂದರೆ ಹೊಟ್ಟೆಯೊಳಗಿನ ಕೂಸಿನ ಹಿಮೋಗ್ಲೋಬಿನ್ನಿಗೆ ಬೀಟಾ ಬೇಕಿಲ್ಲ, ಗಾಮಾ ಸರಪಳಿ ಸಾಕು. ಆರು ತಿಂಗಳಿಂದ ಎರಡು ವರ್ಷದೊಳಗೆ ಬಿಳಿಚಿಕೊಳ್ಳುತ್ತದೆ, ಗುಲ್ಮ (ಸ್ಪ್ಲೀನ್) ಊದುತ್ತದೆ. ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಆ ರಕ್ತದ ಜೊತೆ ಬಂದು ಹೃದಯ, ಯಕೃತ್ತಿನಲ್ಲಿ ಕೂರುವ ಕಬ್ಬಿಣವನ್ನು ಹೊರಹಾಕಲು ಬೇರೆ ಔಷಧಿ. ಹೊಂದುವ ದಾನಿ ಸಿಕ್ಕರೆ ಮಜ್ಜೆಯ ಕಸಿ. "ಹುಟ್ಟಿದಾಗ ಚೆನ್ನಾಗಿತ್ತು, ಯಾರದೋ ದೃಷ್ಟಿ ತಾಗಿತು" ಅನ್ನುವ ಮಾತು ಹುಟ್ಟುವುದು ಈ ಆರು ತಿಂಗಳ ಅಂತರದಲ್ಲಿ.

ಈಗ ಅಜ್ಜಿಯ ವಾದ: "ಸೋದರಮಾವನ ಮಗ, ಬೇರೆ ಗೋತ್ರ, ಏನೂ ದೋಷ ಇಲ್ಲ." ಗೋತ್ರ ಇಳಿಯುವುದು ಅಪ್ಪನಿಂದ ಮಗನಿಗೆ. ಡಿಎನ್‌ಎಯಲ್ಲಿ ಹಾಗೆ ಇಳಿಯುವುದು ವೈ ವರ್ಣತಂತು ಮಾತ್ರ. 11ನೆಯದಕ್ಕೆ ಗೋತ್ರದ ಹಂಗಿಲ್ಲ, ಅಮ್ಮನ ಕಡೆಯಿಂದಲೂ ಬರುತ್ತದೆ, ಅಪ್ಪನ ಕಡೆಯಿಂದಲೂ. ಮಾವನ ಮಗನಿಗೂ ನಿನಗೂ ಅದೇ ಅಜ್ಜ-ಅಜ್ಜಿಯಿಂದ ಬಂದ ಡಿಎನ್‌ಎ ಸರಾಸರಿ ಎಂಟರಲ್ಲೊಂದು ಪಾಲು ಸಮಾನ. ನಮ್ಮ ಕಡೆ ನಡೆಯುವ ಹಾಗೆ ಸೋದರಮಾವನನ್ನೇ ಮದುವೆಯಾದರೆ ಅದು ನಾಲ್ಕರಲ್ಲೊಂದು.

ಲೆಕ್ಕ ಹೀಗೆ ಹಾಕು. ನಿನ್ನ ದೋಷ ನಿಮ್ಮಮ್ಮನಿಂದ ಬಂದಿದ್ದರೆ, ಅದು ಅಜ್ಜ-ಅಜ್ಜಿಯಲ್ಲಿ ಒಬ್ಬರಿಂದ ಬಂದಿರಬೇಕು. ಆಗ ಮಾವನಿಗೆ ಇರುವ ಸಾಧ್ಯತೆ ಎರಡರಲ್ಲೊಂದು, ಮಾವನ ಮಗನಿಗೆ ನಾಲ್ಕರಲ್ಲೊಂದು. ನಮ್ಮ ಕಡೆಯಿಂದ, ಅಂದರೆ ನಿಮ್ಮಪ್ಪನಿಂದ ಬಂದಿದ್ದರೆ ಆ ಹುಡುಗ ಬೇರೆ ಯಾರ ಹಾಗೂ ಒಬ್ಬ: ದೇಶದ ಸರಾಸರಿ ನೂರಕ್ಕೆ ಮೂರು-ನಾಲ್ಕು ಮಂದಿ ವಾಹಕರು. ಆದರೆ ಈ ಲೆಕ್ಕವೆಲ್ಲ ಪರೀಕ್ಷೆ ಮಾಡಿಸುವ ತನಕ. ಹುಡುಗನ ಸಿಬಿಸಿ (ರಕ್ತಕಣಗಳ ಎಣಿಕೆ) ಮತ್ತು ಎಚ್‌ಪಿಎಲ್‌ಸಿ ಮಾಡಿಸಿದರೆ ಊಹೆಯ ಅಗತ್ಯವೇ ಬೀಳದು. ನಿಮ್ಮಪ್ಪ, ಅಮ್ಮ ಇಬ್ಬರೂ ಮಾಡಿಸಲಿ. ನಿನ್ನ ತಮ್ಮನದೂ ಆಗಲಿ. ಅಮ್ಮನ ಕಡೆಯದು ಅಂತ ಗೊತ್ತಾದ ದಿನ ಮನೆಯಲ್ಲಿ ಯಾರೂ ಅವಳನ್ನು ಆಡಿಕೊಳ್ಳಕೂಡದು, ಈ ಮಾತನ್ನು ನಾನೇ ನಿಮ್ಮಪ್ಪನಿಗೆ ಹೇಳುತ್ತೇನೆ.

ಹುಡುಗನ ರಿಪೋರ್ಟಿನಲ್ಲಿ ಎ2 ಒಂದನ್ನೇ ನೋಡಿ ನಿರಾಳವಾಗಬೇಡ. ಅವನಿಗೆ ಕಬ್ಬಿಣದ ಕೊರತೆ ಇದ್ದರೆ ಎ2 ತಗ್ಗಿ 3.4 ಎಂದು ತೋರಿಸಬಹುದು, ವಾಹಕ ತಪ್ಪಿಸಿಕೊಳ್ಳುತ್ತಾನೆ. ಎಂಸಿವಿ 80ರ ಕೆಳಗೂ ಎ2 ಗಡಿಯಲ್ಲೂ ಇದ್ದರೆ ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು, ನೋಡಿಸಿ, ಕೊರತೆ ಸರಿಪಡಿಸಿ ಮತ್ತೆ ಮಾಡಿಸಬೇಕು. ಬಿ12 ಕೊರತೆಯಲ್ಲಿ ಉಲ್ಟಾ, ಎ2 ಸ್ವಲ್ಪ ಏರುತ್ತದೆ. ಇತ್ತೀಚೆಗೆ ಅವನು ರಕ್ತ ಹಾಕಿಸಿಕೊಂಡಿದ್ದರೆ ಆ ರಿಪೋರ್ಟಿಗೆ ಬೆಲೆಯಿಲ್ಲ. ಗ್ರಾಫಿನಲ್ಲಿ ಎಸ್ ಅಥವಾ ಇ ಹೆಸರಿನ ಹಿಮೋಗ್ಲೋಬಿನ್ ಕಂಡರೂ ಎಚ್ಚರ. ಅವೂ ಇದೇ ಜೀನಿನ ಒಂದಕ್ಷರದ ದೋಷಗಳು, ನಿನ್ನದರ ಜೊತೆ ಸೇರಿದರೆ ಮಗುವಿಗೆ ತೊಂದರೆ.

ಅವನು ವಾಹಕನಲ್ಲ ಅಂತಾದರೆ ಈ ವಿಷಯದಲ್ಲಿ ಚಿಂತೆ ಮುಗಿಯಿತು. ಅಷ್ಟು ಹತ್ತಿರದ ಸಂಬಂಧದಲ್ಲಿ ಬೇರೆ ಅಡಗಿರುವ ದೋಷಗಳು ಕೂಡುವ ಪ್ರಶ್ನೆ ಬೇರೆಯೇ ಇದೆ, ಅದನ್ನು ಜೆನೆಟಿಕ್ ಸಲಹೆಗಾರರ ಎದುರು ಕೂತು ಮಾತಾಡಿ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಅಪಾಯ. "ಮೊದಲನೆಯದಕ್ಕೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ" ಅನ್ನುವ ಲೆಕ್ಕ ತಪ್ಪು. ಪ್ರತಿ ಸಲವೂ ಹೊಸದಾಗಿ ನಾಣ್ಯ ಚಿಮ್ಮಿದ ಹಾಗೆ. ಆಗಲೂ ಮದುವೆಯಾಗಲೇಬಾರದು ಅಂತ ನಾನು ಹೇಳುವುದಿಲ್ಲ, ಅದು ನಿಮ್ಮಿಬ್ಬರ ತೀರ್ಮಾನ. ಆದರೆ ಆಗುವುದಾದರೆ ಬಸಿರಿಗೆ ಮುಂಚೆಯೇ ಇಬ್ಬರ ಡಿಎನ್‌ಎ ಪರೀಕ್ಷೆ ಮುಗಿದಿರಬೇಕು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಎರಡು-ಮೂರು ಎಂಎಲ್ ರಕ್ತ ಸಾಕು. ಹಸಿರು ಮುಚ್ಚಳದ್ದು ಬೇಡ, ಅದರಲ್ಲಿರುವ ಹೆಪಾರಿನ್ ಪಿಸಿಆರ್‌ಗೆ, ಅಂದರೆ ಪರೀಕ್ಷೆಗಾಗಿ ಡಿಎನ್‌ಎ ನಕಲು ಹೆಚ್ಚಿಸುವ ಕೆಲಸಕ್ಕೆ ಅಡ್ಡಿ. ಅಂದಹಾಗೆ, ಡಿಎನ್‌ಎ ಸಿಗುವುದು ಬಿಳಿಕಣಗಳಿಂದ. ಬಲಿತ ಕೆಂಪುಕಣದಲ್ಲಿ ಕೋಶಕೇಂದ್ರವೇ ಇರುವುದಿಲ್ಲ.

ಇಬ್ಬರದೂ ಯಾವ ಅಕ್ಷರ ಅಂತ ಗೊತ್ತಿದ್ದರೆ, 11ರಿಂದ 13ನೇ ವಾರದೊಳಗೆ ಮಾಸುವಿನ ಚೂರು ತೆಗೆದು ಅದೇ ಅಕ್ಷರವನ್ನು ಮಗುವಿನಲ್ಲಿ ನೋಡಬಹುದು. ಗೊತ್ತಿಲ್ಲದಿದ್ದರೆ ಹುಡುಕುವುದರಲ್ಲೇ ವಾರಗಳು ಕಳೆಯುತ್ತವೆ. ಆ ಚೂರಿನಲ್ಲಿ ತಾಯಿಯ ಅಂಗಾಂಶ ಬೆರೆತರೆ ಉತ್ತರ ತಪ್ಪಾಗುತ್ತದೆ, ಆದ್ದರಿಂದ ತಾಯಿಯ ಡಿಎನ್‌ಎ ಜೊತೆ ಹೋಲಿಸಿ ನೋಡುವ ಲ್ಯಾಬೇ ಆಗಬೇಕು. ಈ ಪರೀಕ್ಷೆಗೆ ಕಾನೂನಿನಲ್ಲಿ ಅವಕಾಶವಿದೆ. ಗಂಡೋ ಹೆಣ್ಣೋ ಅಂತ ಕೇಳಕೂಡದು, ಹೇಳಲೂಕೂಡದು.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಮೆಡಿಕಲ್ ಶಾಪಿನವರು ಕೊಟ್ಟ ಕಬ್ಬಿಣದ ಮಾತ್ರೆ ನಿಲ್ಲಿಸು. ಫೆರಿಟಿನ್ ಕಡಿಮೆ ಇದೆ ಅಂತ ಗೊತ್ತಾದರೆ ಮಾತ್ರ ಅದು ಬೇಕು, ಹಿಮೋಗ್ಲೋಬಿನ್ 10.8 ಇದೆ ಅಂತಲ್ಲ. ಆ ಪರೀಕ್ಷೆಗೆ ನಾಳೆ ಬೆಳಿಗ್ಗೆಯೇ ರಕ್ತ ಕೊಡು.

ಭಾನುವಾರ ಬರುವಾಗ ರಿಪೋರ್ಟಿನ ಮೂಲ ಪ್ರತಿ ತಾ. ನೀನು ಕಳಿಸಿದ ಫೋಟೋದಲ್ಲಿ ಕೆಳಗಿನ ಸಾಲು ಕತ್ತರಿಸಿಹೋಗಿದೆ, ಹಿಮೋಗ್ಲೋಬಿನ್ ಎಫ್, ಅಂದರೆ ಆ ಹೊಟ್ಟೆಯೊಳಗಿನ ಕೂಸಿನ ಬಗೆಯದು, ಎಷ್ಟಿದೆ ಅಂತ ಕಾಣುತ್ತಿಲ್ಲ.

ಇಂತಿ ನಿನ್ನ
ದೊಡ್ಡಪ್ಪ