ಉತ್ಖನನ ಶಿಬಿರ ದುಡ್ಡಿದ್ದವರಿಗಷ್ಟೇ ಬೇಡ

ಸಂಪಾದಕರೇ,

ಮಾನವನ ಮೂಲ ಹುಡುಕುವ ಬೇಸಿಗೆ ಉತ್ಖನನ ಶಿಬಿರಗಳ ಬಗ್ಗೆ ನಿಮ್ಮ ವರದಿ ಓದಿದೆ. ವಿದೇಶಕ್ಕೆ ಹೋಗಿ ಕಲಿಯುವ ಈ ಅವಕಾಶ ವಿಮಾನದ ಟಿಕೆಟ್ಟು, ಶಿಬಿರದ ಶುಲ್ಕ ಎರಡನ್ನೂ ಕಟ್ಟಬಲ್ಲವರ ಪಾಲಾಗುವುದು ಸರಿಯಲ್ಲ.

ಪಳೆಯುಳಿಕೆ ಹುಡುಕುವುದು ಪುಸ್ತಕ ಓದಿ ಬರುವ ವಿದ್ಯೆ ಅಲ್ಲ. 1984ರಲ್ಲಿ ಕೀನ್ಯಾದ ತುರ್ಕಾನಾ ಸರೋವರದ ಪಶ್ಚಿಮಕ್ಕೆ ಈ ಕೆಲಸದಲ್ಲಿ ಪಳಗಿದ್ದ ಕಮೋಯಾ ಕಿಮೆಯು ಅವರ ಕಣ್ಣಿಗೆ ಬಿದ್ದದ್ದು ಬೆಂಕಿಪೊಟ್ಟಣದಷ್ಟು ತಲೆಬುರುಡೆ ಚೂರು. ಸುತ್ತ ಬರೀ ಕಲ್ಲುಹರಳು, ಚೂರಿನ ಬಣ್ಣವೂ ಹತ್ತಿರ ಹತ್ತಿರ ಅದೇ. ಅಲ್ಲಿಂದ ಶುರುವಾಗಿ ಅಗೆದು, ಮಣ್ಣನ್ನೆಲ್ಲ ಜರಡಿ ಹಿಡಿದಾಗ ಸುಮಾರು 15 ಲಕ್ಷ ವರ್ಷ ಹಿಂದಿನ ಹುಡುಗನೊಬ್ಬನ ಬಹುಪಾಲು ಅಸ್ಥಿಪಂಜರವೇ ಸಿಕ್ಕಿತು. ಅಂಥ ಕಣ್ಣು ಬರುವುದು ಬಿಸಿಲಲ್ಲಿ ಬಗ್ಗಿ ನಡೆದಾಗಲೇ ಅಲ್ವಾ? ಕಿಮೆಯು ಆ ದೇಶದವರೇ ಎಂಬುದನ್ನೂ ಮರೆಯಬಾರದು.

ಹಾಗಾಗಿ ಶಿಬಿರ ನಡೆಸುವವರು ಹೊರದೇಶದವರ ಶುಲ್ಕದಲ್ಲಿ ಒಂದು ಪಾಲು ತೆಗೆದಿಟ್ಟು ಸ್ಥಳೀಯ ವಿದ್ಯಾರ್ಥಿಗಳಿಗೆ ಉಚಿತ ಸೀಟು ಕೊಡಲಿ. ವಿಶ್ವವಿದ್ಯಾಲಯಗಳು ಸುಮ್ನೆ ಶಿಫಾರಸು ಪತ್ರ ಬರೆದುಕೊಟ್ಟು ಕೂರದೆ, ಆಯ್ಕೆಯಾದ ಬಡ ವಿದ್ಯಾರ್ಥಿಯ ಪ್ರಯಾಣದ ಖರ್ಚನ್ನಾದರೂ ಭರಿಸಲಿ.

– ಒಬ್ಬ ಓದುಗ